ಕಲಾದಗಿಯ ಕ್ಷಾಮವೂ ಮಳೆಯ ಮುನ್ಸೂಚನೆಯೂ

ಬಾಗಲಕೋಟೆಯಿಂದ ಲೋಕಾಪುರದ ಹಾದಿ ಹಿಡಿದರೆ ಘಟಪ್ರಭೆಯ ಬಲದಂಡೆಯಲ್ಲಿ ಕಲಾದಗಿ ಸಿಗುತ್ತದೆ. ದಾಳಿಂಬೆ, ಚಿಕ್ಕುಗಳಿಗೆ ಹೆಸರಾದ ಈ ಊರು 1885ರವರೆಗೆ ಜಿಲ್ಲೆಯ ಮುಖ್ಯಸ್ಥಳವಾಗಿತ್ತೆಂದರೆ ಹೊಸಬರು ಸುಲಭವಾಗಿ ನಂಬಲಾರರು. ನಾನು ಅಲ್ಲಿಗೆ ಹೋದದ್ದು ಭಾದ್ರಪದದ ಒಂದು ಮಧ್ಯಾಹ್ನ. ಪಡುವಣದಲ್ಲಿ ಮೋಡ, ನೆತ್ತಿಯ ಮೇಲೆ ಬಿಸಿಲು. ಹೊಲದ ಬದುವಿನ ಮೇಲೆ ಕುಳಿತಿದ್ದ ಮುದುಕರನ್ನು, “ಅಜ್ಜಾ, ಈ ಸಲ ಜೋಳ ಹೇಗೆ?” ಎಂದು ಕೇಳಿದೆ.

“ಉತ್ತರಿ ಮಳಿ ಬರ್ಲಿ, ಆಮ್ಯಾಲೆ ಹೇಳ್ತೀನ್ರೀ” ಎಂದರು.

ಈ ಸೀಮೆಯ ಬದುಕೆಲ್ಲ ಆ ಮಾತಿನಲ್ಲಿ ಅಡಗಿದೆ. ಕಡಲಿನಿಂದ ಬಂದ ಗಾಳಿ ಸಹ್ಯಾದ್ರಿಯನ್ನೇರುವಾಗ ತಣ್ಣಗಾಗಿ, ಹೊತ್ತ ನೀರನ್ನು ಅಲ್ಲಿಯೇ ಸುರಿಸುತ್ತದೆ; ಈಚೆ ಇಳಿಯುವಾಗ ಬಿಸಿಯೇರಿ ಒಣಗುತ್ತದೆ. ಅಂಬೋಲಿ ಘಾಟಿನಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರು ಮಳೆಯಾದರೆ ಬಾಗಲಕೋಟೆಯ ಪಾಲಿಗೆ 600 ಕೂಡ ಇಲ್ಲ. ಎರೆಭೂಮಿಯ ಬಿಳಿಜೋಳಕ್ಕೆ ಹಿಂಗಾರಿಯೇ ಆಧಾರ.

1876ರಲ್ಲಿ ಮುಂಗಾರಿ ಸೊರಗಿತು, ಹಿಂಗಾರಿ ಕೈಕೊಟ್ಟಿತು. ಮರುವರ್ಷದ ಮುಂಗಾರಿಯೂ ಸರಿಯಾಗಿ ಹಿಡಿಯಲಿಲ್ಲ. 1872ರಲ್ಲಿ ಸುಮಾರು 8 ಲಕ್ಷ 16 ಸಾವಿರವಿದ್ದ ಕಲಾದಗಿ ಜಿಲ್ಲೆಯ ಜನಸಂಖ್ಯೆ 1881ರ ಗಣತಿಯಲ್ಲಿ 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ!

ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು ಈ ಕ್ಷಾಮದ ಹಿಂದಿನ ವರ್ಷ, 1875ರಲ್ಲಿ. ಬಿದ್ದ ಮಳೆಯನ್ನು ಅಳೆಯುವುದು ಅದಕ್ಕೆ ಗೊತ್ತಿತ್ತು. ಬರಲಿರುವ ಮಳೆಯನ್ನು ಹೇಳುವುದು ಗೊತ್ತಿರಲಿಲ್ಲ. ಕ್ಷಾಮದ ಬಳಿಕ ಸರಕಾರ ಅದನ್ನೂ ಕೇಳತೊಡಗಿತು. ಇಲಾಖೆಯ ಮೊದಲ ಮುಖ್ಯಸ್ಥ ಬ್ಲ್ಯಾನ್‌ಫರ್ಡ್, ಹಿಮಾಲಯದಲ್ಲಿ ಹಿಮ ಹೆಚ್ಚಿದ್ದರೆ ಮಳೆ ಕಡಮೆಯೆಂಬ ಸಂಬಂಧವನ್ನು ಹಿಡಿದು, 1886ರ ಜೂನ್ 4ರಂದು ಕ್ರಮಬದ್ಧವಾದ ಮೊದಲ ಮುನ್ಸೂಚನೆಯನ್ನು ಹೊರಡಿಸಿದ. ಆ ವೇಳೆಗೆ ಕಲಾದಗಿಯ ಕಚೇರಿಗಳು ವಿಜಾಪುರ ಸೇರಿದ್ದವು.

ಈ ವಿದ್ಯೆ ಬಹುಕಾಲ ತಡವರಿಸಿತು. 1899ರಲ್ಲಿ ಒಳ್ಳೆಯ ಮಳೆಯೆಂದು ಸಾರಿದಾಗ ಬಿದ್ದದ್ದು ಘೋರ ಬರ. 1904ರಲ್ಲಿ ಇಲಾಖೆಗೆ ಬಂದ ಗಣಿತಜ್ಞ ಗಿಲ್ಬರ್ಟ್ ವಾಕರ್ ಲೋಕದ ನಾನಾ ಕಡೆಯ ಅಂಕಿಗಳನ್ನು ಕಲೆಹಾಕಿ, ಶಾಂತಸಾಗರ ಮತ್ತು ಹಿಂದೂ ಮಹಾಸಾಗರಗಳ ಮೇಲಿನ ವಾಯುಭಾರ ತಕ್ಕಡಿಯಂತೆ ಏರಿಳಿಯುವುದನ್ನು ಕಂಡುಹಿಡಿದ. ಪೆರು ದೇಶದ ಕಡಲು ಕಾಯುವ ‘ಎಲ್ ನಿನ್ಯೋ’ಕ್ಕೂ ಈ ತಕ್ಕಡಿಗೂ ಇರುವ ನಂಟನ್ನು 1960ರ ದಶಕದಲ್ಲಿ ಬಿಯರ್ಕ್‌ನೆಸ್ ತೋರಿಸಿಕೊಟ್ಟ. 1877ರಲ್ಲಿ ಆ ಕಡಲು ಅಸಾಧಾರಣವಾಗಿ ಕಾದಿತ್ತೆಂದು ಈಗ ತಿಳಿದಿದೆ.

ಹಾಗಾದರೆ ಕಲಾದಗಿಯ ಸಾವುಗಳಿಗೆಲ್ಲ ದೂರದ ಕಡಲೇ ಹೊಣೆಯೆ? ನನಗೆ ಹಾಗೆ ತೋರುವುದಿಲ್ಲ. ಮಳೆ ತಪ್ಪಿದ್ದು ಮುಗಿಲಿನಿಂದ. ಆದರೆ 1877ರ ಮೊದಲಲ್ಲಿ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಪುಡಿಕಾಸಿಗೆ ಇಳಿಸಲು ಹೇಳಿದ್ದು ಸರ್ ರಿಚರ್ಡ್ ಟೆಂಪಲ್. ಮುಂಬಯಿ ಪ್ರಾಂತದ ಹಸಿದ ಕೂಲಿಗಳು ಅದನ್ನು ಪ್ರತಿಭಟಿಸಿ ಕೆಲಸ ಬಿಟ್ಟು ನಡೆದರು. ಅನಾವೃಷ್ಟಿಯನ್ನು ಕ್ಷಾಮವಾಗಿಸುವುದರಲ್ಲಿ ಮನುಷ್ಯನ ಕೈಯೂ ಇರುತ್ತದೆ.

ಇಂದು ಉಪಗ್ರಹಗಳು ಮೋಡವನ್ನು ಕಾಯುತ್ತಿವೆ. ಅಜ್ಜನಿಗೆ ಉತ್ತರಿ ಮಳೆಯ ಸುದ್ದಿ ಮೊದಲೇ ಮುಟ್ಟಿದರೆ ಸಂತೋಷವೇ. ಆದರೆ ಮುನ್ಸೂಚನೆ ಹಗೇವಿನ ಕೆಲಸ ಮಾಡಲಾರದು. ಹಗೇವು ತುಂಬಿಸುವುದೂ, ಹಸಿದವನಿಗೆ ಅದನ್ನು ತೆರೆಯುವುದೂ ನಮ್ಮ ಕೆಲಸ.