ಹೊಂಡದ ಪಾಚಿಯಿಂದ ಡೀಸೆಲ್ಲು: ಒಂದು ಹಳೇ ಲೆಕ್ಕ

ಕೃಷಿ ಹೊಂಡದಲ್ಲಿ ಪಾಚಿ ಬೆಳೆಸಿ ಡೀಸೆಲ್ ಮಾಡಬಹುದಂತೆ, ದುಡ್ಡು ಹಾಕೋಣ್ವಾ ಅಣ್ಣ ಅಂತ ಪಕ್ಕದ ಹೊಲದ ಹುಡುಗ ಕೇಳ್ದ. ಇದು ಹೊಸದಲ್ಲ ಕಣಪ್ಪ ಅಂದೆ.

ಎಣ್ಣೆ ಅಭಾವ ಕಂಡಿದ್ದ ಅಮೆರಿಕ ಸರ್ಕಾರ 1978ರಲ್ಲೇ ಇದಕ್ಕೆ ಕೈ ಹಾಕಿತ್ತು. 3,000ಕ್ಕೂ ಹೆಚ್ಚು ಪಾಚಿ ತಳಿ ಕೂಡಿಹಾಕಿದರು. ನ್ಯೂ ಮೆಕ್ಸಿಕೋದ ರಾಸ್‌ವೆಲ್‌ನಲ್ಲಿ 1,000 ಚದರ ಮೀಟರಿನ, ಅಂದ್ರೆ ಹತ್ತತ್ರ 10 ಗುಂಟೆಯ ಎರಡು ಹೊಂಡ ಕಟ್ಟಿದರು. ನೀರು ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರಬೇಕು, ಅದಕ್ಕೊಂದು ಚಕ್ರ. ಪಾಚಿಗೆ ಮೇವು ಅಂತ ಕಾರ್ಬನ್ ಡೈಆಕ್ಸೈಡ್ ಬಿಟ್ಟರು.

ಒಳ್ಳೇ ದಿನ ಚದರ ಮೀಟರಿಗೆ 50 ಗ್ರಾಂ ಪಾಚಿ ಬಂತು. ಆದ್ರೆ ಅಲ್ಲಿ ಚಳಿ ಜಾಸ್ತಿ, ಸರಾಸರಿ ನೋಡಿದರೆ 10 ಗ್ರಾಂ ಅಷ್ಟೇ. ಲ್ಯಾಬಿನಲ್ಲಿ ಆರಿಸಿ ತಂದ ತಳಿ ಬಯಲಿಗೆ ಬಿಟ್ಟರೆ, ಅಲ್ಲಿನ ನಾಡು ಪಾಚಿ ಎದ್ದು ಹೊಂಡ ಆಕ್ರಮಿಸಿತು. ಕಳೆ ಕಥೆ ನಮಗೆ ಹೇಳಿಕೊಡಬೇಕೇ? ಗೊಬ್ಬರ ತಡೆದು ಉಪವಾಸ ಕೆಡವಿದರೆ ಎಣ್ಣೆ ಅಂಶ ಏರುತ್ತೆ, ಆದರೆ ಬೆಳವಣಿಗೆ ನಿಲ್ಲುತ್ತೆ. ಅಷ್ಟರಲ್ಲಿ ಕಚ್ಚಾ ಎಣ್ಣೆ ಅಗ್ಗವಾಗಿತ್ತು. 1996ಕ್ಕೆ ಯೋಜನೆ ಮುಚ್ಚಿದರು.

ಪಾಚಿ ಬೆಳೆಯೋದು ಸುಳ್ಳಲ್ಲ. ಆದ್ರೆ ದುಡ್ಡು ಕೇಳೋರು ಬಂದ್ರೆ ಒಳ್ಳೇ ದಿನದ ಇಳುವರಿ ಬೇಡ, ವರ್ಷದ ಸರಾಸರಿ ಹೇಳ್ರಪ್ಪ ಅನ್ನಿ.