ಡಬ್ಬಿಗಳ ಊರಿನಲ್ಲಿ

ಹೈದರಾಬಾದಿಗೆ ಬಂದ ಹೊಸದರಲ್ಲಿ ಮನೆಗೆ ಬೇಕಾದ ಸ್ಟೀಲ್ ಡಬ್ಬಿ ಕೊಳ್ಳಲು ಬೇಗಂ ಬಜಾರ್‌ಗೆ ಹೋಗಿದ್ದೆ. ಮೂಸಿ ನದಿ ದಾಟಿ ಅಫ್ಜಲ್‌ಗಂಜ್ ಹಾದು ಬಂದರೆ ಓಣಿ ತುಂಬ ಪಾತ್ರೆ, ಒಣಹಣ್ಣು, ಮಸಾಲೆ. ಅಂಗಡಿಯ ಮುದುಕರು ನನ್ನ ಉರ್ದು ಕೇಳಿ ಯಾವೂರೆಂದರು. ಬೀದರ್ ಅಂದೆ. "ಅರೆ, ಬೀದರ್ ಬೋಲೇ ತೋ ಹಮಾರಾಚ್ ಹೈ ನಾ!" ಬೀದರ್ ಅಂದ್ರೆ ನಮ್ಮದೇ ಅಲ್ವೇ ಎಂದು ಹತ್ತು ರೂಪಾಯಿ ಬಿಟ್ಟರು.

ನಾನು ಪರಊರು ಅಂದುಕೊಂಡು ಬಂದ ಈ ಊರು ನಮ್ಮಜ್ಜನಿಗೆ ರಾಜಧಾನಿಯಾಗಿತ್ತು. ಬೀದರ್, ಗುಲಬರ್ಗಾ, ರಾಯಚೂರು 1956ರ ನವೆಂಬರ್ 1ರವರೆಗೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ನಿಜಾಮರ ಕಾಲದಲ್ಲಿ ಅದಕ್ಕೆ ತನ್ನದೇ ನಾಣ್ಯ, ರೈಲು, ಅಂಚೆ ಇದ್ದವು. 1947ರ ನಂತರ ಪ್ರತ್ಯೇಕ ದೇಶವಾಗಿಯೇ ಉಳಿಯಲು ಹೊರಟಿತು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ಹತ್ಯಾಕಾಂಡ ನಡೆಸಿದರು. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ನುಗ್ಗಿತು, 17ಕ್ಕೆ ನಿಜಾಮರು ಸೋಲೊಪ್ಪಿದರು. ಆ ದಿನವನ್ನು ನಾವು ವಿಮೋಚನಾ ದಿನವೆಂದು ಆಚರಿಸುತ್ತೇವೆ.

ಅದರ ಬೆನ್ನಿಗೇ ನಡೆದದ್ದನ್ನು ಮಾತ್ರ ಕಡಿಮೆ ಆಡುತ್ತೇವೆ. ಸೇಡಿನ ಹೆಸರಲ್ಲಿ ಹಳ್ಳಿಗಳಲ್ಲಿ ಮುಸ್ಲಿಮರ ಕೊಲೆ, ಲೂಟಿ ನಡೆಯಿತು. ಭಾರತ ಸರ್ಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ರಾಜ್ಯದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದೆಂದು ಅಂದಾಜಿಸಿತು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಗುಲಬರ್ಗಾ, ನಾಂದೇಡ್ ಜೊತೆ ನಮ್ಮ ಬೀದರ್ ಕೂಡ ಇತ್ತು. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ.

ಇಂಥ ನೆಲದಲ್ಲಿ ಮೂರೂವರೆ ವರ್ಷಕ್ಕೆಲ್ಲ ಚುನಾವಣೆ ಬಂತು. ತೆಲಂಗಾಣದ ರೈತರ ಸಶಸ್ತ್ರ ಹೋರಾಟ ನಿಂತದ್ದೇ 1951ರ ಅಕ್ಟೋಬರ್‌ನಲ್ಲಿ. ಹೈದರಾಬಾದ್ ರಾಜ್ಯಕ್ಕೆ ಲೋಕಸಭೆಯ 25, ವಿಧಾನಸಭೆಯ 175 ಸ್ಥಾನ. ಆಗ ಚೀಟಿಯ ಮೇಲೆ ಮುದ್ರೆ ಒತ್ತುವುದಿರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಮೇಲೆ ಚಿಹ್ನೆ. ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿ ಬರುವುದು.

ಅಜ್ಜ ಇದನ್ನು ಹೇಳುವಾಗ ಒಂದೇ ಮಾತು ತಿರುಗಿ ತಿರುಗಿ ಅನ್ನುತ್ತಿದ್ದ. "ಯಾರ ಡಬ್ಬ್ಯಾಗ ಹಾಕ್ದಿ ಅಂತ ಕೇಳಬ್ಯಾಡ ತಮ್ಮಾ. ಸಾಲಿನ್ಯಾಗ ನನ್ನ ಮುಂದ ಯಾರು ನಿಂತಿದ್ರು ಕೇಳು." ಮುಂದೆ ನಿಂತವರು ನಮ್ಮೂರ ಮುಸ್ಲಿಂ ನೇಕಾರರು. ಅವರ ತಮ್ಮ 1948ರ ಸೆಪ್ಟೆಂಬರ್‌ನಲ್ಲಿ ಮನೆ ಬಿಟ್ಟವನು ತಿರುಗಿ ಬರಲಿಲ್ಲ. ಯಾರ ಕೈಯಿಂದ ಏನಾಯಿತೆಂದು ಊರಿಗೆಲ್ಲ ಗೊತ್ತಿತ್ತು, ಅಜ್ಜನಿಗೂ. ಕಡೇವರೆಗೂ ಬಾಯಿ ಬಿಡಲಿಲ್ಲ.

ಫಲಿತಾಂಶ ಬಂತು. ಗುಲಬರ್ಗಾದಿಂದ ಸ್ವಾಮಿ ರಮಾನಂದ ತೀರ್ಥರು, ಕುಷ್ಟಗಿಯಿಂದ ಪಕ್ಷೇತರ ಶಿವಮೂರ್ತಿ ಸ್ವಾಮಿಗಳು ಲೋಕಸಭೆಗೆ ಹೋದರು. ಹಿಂದೂ ಮತದಾರರೇ ಹೆಚ್ಚಿದ್ದ ಬೀದರ್ ಕಳಿಸಿದ್ದು ಕಾಂಗ್ರೆಸ್ಸಿನ ಶೌಕತುಲ್ಲಾ ಶಾ ಅನ್ಸಾರಿಯವರನ್ನು. ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ 93; ಮೊನ್ನೆಯವರೆಗೆ ಬಂದೂಕು ಹಿಡಿದಿದ್ದ ಕಮ್ಯುನಿಸ್ಟರ ರಂಗಕ್ಕೆ 42. ಬೇಗಂ ಬಜಾರೂ ಆಗ ಒಂದು ಕ್ಷೇತ್ರ. ಅಲ್ಲಿಂದ ಗೆದ್ದ ಕಾಶೀನಾಥರಾವ್ ವೈದ್ಯರು ಸಭಾಧ್ಯಕ್ಷರಾದರು.

ಬೀದರಿನ ಆ ಫಲಿತಾಂಶ ಓದಿದಾಗ ನನಗೆ ಹೆಮ್ಮೆಯಾಯಿತು. ಆಮೇಲೆ ಆ ನೇಕಾರರು ನೆನಪಾದರು. ಕೊಲ್ಲದೆಯೂ ಎದುರಾಳಿಯನ್ನು ಸೋಲಿಸಬಹುದೆಂದು ಆ ಪೆಟ್ಟಿಗೆ ನಮ್ಮವರಿಗೆ ಕಲಿಸಿತು. ಅದು ಸಣ್ಣ ಮಾತಲ್ಲ. ಆದರೆ ಅವರ ತಮ್ಮ ಏನಾದನೆಂಬ ಪ್ರಶ್ನೆ ಹಾಕಲು ಅಲ್ಲಿ ಯಾವ ಪೆಟ್ಟಿಗೆಯೂ ಇರಲಿಲ್ಲ. ಅದನ್ನು ಅಜ್ಜ ಹೇಳಬೇಕಿತ್ತು. ನಾನಾದರೂ ಒತ್ತಾಯಿಸಿ ಕೇಳಬೇಕಿತ್ತು.

ಅಂಗಡಿಯ ಮುದುಕರು "ಹಮಾರಾಚ್" ಅಂದಾಗ ನಾನು ನಕ್ಕು ತಲೆಯಾಡಿಸಿದ್ದೆ. ಬೀದರ್ ಬಿಟ್ಟು ಇಷ್ಟು ದೂರ ಬಂದ ಮೇಲೆ ತಿಳಿಯುತ್ತಿದೆ, ನಮ್ಮದು ಅಂದಮೇಲೆ ಅಲ್ಲಿ ನಡೆದದ್ದೂ ನಮ್ಮದೇ.