ನಮ್ಮೂರ ಮಾಸ್ತರು ಎಲ್ಲಿಂದ ಬಂದರು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಿನಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆ, ಹಾಸ್ಟೆಲ್ ರೂಮಿನಲ್ಲಿ ಮಲ್ಕೊಂಡು ಕೇಳ್ತಿರೋರಿಗೆ, ಟಿಇಟಿ ಪುಸ್ತಕ ಪಕ್ಕಕ್ಕಿಟ್ಟು ಹತ್ತು ನಿಮಿಷ ಬ್ರೇಕ್ ತಗೊಂಡೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ಸಂಚಿಕೆ ಮುಖ್ಯವಾಗಿ ಆ ಮೂರನೇ ಗುಂಪಿನವರಿಗೇ.

ಮೊದಲು ಒಂದು ಲೆಕ್ಕ ಮಾಡಿ. ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿನ ತನಕ ನಿಮಗೆ ಕಲಿಸಿದ ಮಾಸ್ತರರು, ಮೇಡಂಗಳು ಎಲ್ಲರನ್ನೂ ನೆನಪು ಮಾಡ್ಕೊಳ್ಳಿ. ಅವರಲ್ಲಿ ನಿಮ್ಮ ಓಣಿಯಿಂದ ಬಂದವರು ಎಷ್ಟು ಮಂದಿ? ನಿಮ್ಮ ಮನೆಯ ಮಾತನ್ನೇ ತಮ್ಮ ಮನೆಯಲ್ಲೂ ಆಡ್ತಿದ್ದವರು ಎಷ್ಟು ಮಂದಿ? ದಲಿತ ಕೇರಿಯಿಂದ, ಲಂಬಾಣಿ ತಾಂಡಾದಿಂದ ಬಂದು ಆ ಕುರ್ಚಿಯಲ್ಲಿ ಕೂತವರು ಎಷ್ಟು ಮಂದಿ? ಎಣಿಸೋಕೆ ಒಂದು ಕೈಯ ಬೆರಳು ಸಾಕಾದ್ರೆ, ಅದಕ್ಕೆ ಕಾರಣ ನಿಮ್ಮ ನಸೀಬಷ್ಟೇ ಅಲ್ಲ. ಅದರ ಹಿಂದೆ ನೂರು ವರ್ಷದ ಇತಿಹಾಸ ಇದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲ್ಲೂಕುಗಳನ್ನ ಕಣ್ಣ ಮುಂದೆ ಇಟ್ಕೊಂಡು ಆ ಇತಿಹಾಸ ನೋಡೋಣ.

ಮೊದಲು ಅಮೆರಿಕಕ್ಕೆ ಹೋಗಿ ಬರೋಣ

ಈ ವಿಷಯ ತಲೆಗೆ ಬಂದದ್ದೇ ಅಮೆರಿಕದ ಒಂದು ಕಥೆ ಓದಿದಾಗ. 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಂದು ದೊಡ್ಡ ತೀರ್ಪು ಕೊಡ್ತು: ಕಪ್ಪು ಮಕ್ಕಳಿಗೆ ಬೇರೆ, ಬಿಳಿ ಮಕ್ಕಳಿಗೆ ಬೇರೆ ಸರ್ಕಾರಿ ಶಾಲೆ ನಡೆಸೋದು ಸಂವಿಧಾನಕ್ಕೆ ವಿರುದ್ಧ. ಬ್ರೌನ್ ಪ್ರಕರಣ ಅಂತ ಹೆಸರು. ತೀರ್ಪು ಸರಿಯಾಗೇ ಇತ್ತು. ಆದರೆ ಶಾಲೆಗಳು ಒಂದಾದಾಗ ಏನಾಯ್ತು? ಕಪ್ಪು ಮಕ್ಕಳ ಶಾಲೆಗಳಿಗೆ ಬೀಗ ಬಿತ್ತು. ಮಕ್ಕಳು ಹೊಸ ಶಾಲೆಗೆ ಹೋದರು, ಅವರ ಟೀಚರ್‌ಗಳನ್ನ ಮಾತ್ರ ಹೊಸ ಶಾಲೆ ಕರೆಯಲಿಲ್ಲ. ಮುಂದಿನ ಹತ್ತು-ಹನ್ನೊಂದು ವರ್ಷದಲ್ಲಿ ದಕ್ಷಿಣ ಮತ್ತು ಗಡಿ ಭಾಗದ 17 ರಾಜ್ಯಗಳಲ್ಲಿ ಸುಮಾರು 38,000 ಕಪ್ಪು ಶಿಕ್ಷಕರು, ಹೆಡ್‌ಮಾಸ್ತರರು ಕೆಲಸ ಕಳ್ಕೊಂಡರು ಅನ್ನೋ ಅಂದಾಜಿದೆ.

ಆ ಗಾಯ ಇನ್ನೂ ಮಾಯ್ದಿಲ್ಲ. ಇವತ್ತು ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ನೂರು ಮಕ್ಕಳಲ್ಲಿ ಸುಮಾರು 15 ಮಂದಿ ಕಪ್ಪು ಮಕ್ಕಳು. ನೂರು ಶಿಕ್ಷಕರಲ್ಲಿ ಕಪ್ಪು ಶಿಕ್ಷಕರು ಆರೋ ಏಳೋ ಮಂದಿ. ಈ ಕೊರತೆ ತುಂಬೋಕೆ ಅಲ್ಲಿ ಹಿಡಿದಿರೋ ದಾರಿಗಳಲ್ಲಿ ಒಂದು, ಟೀಚರ್ ರೆಸಿಡೆನ್ಸಿ.

ಹೆಸರು ಹೊಸದು, ವಿಚಾರ ನಮಗೆ ಗೊತ್ತಿರೋದೇ. ಎಂಬಿಬಿಎಸ್ ಓದಿದವರು ಹೌಸ್ ಸರ್ಜನ್ ಆಗಿ ದೊಡ್ಡ ಡಾಕ್ಟರ ಹಿಂದೆ ವಾರ್ಡ್ ತಿರುಗ್ತಾರಲ್ಲ, ಹಂಗೆ. ನಾನು ಬಿಕಾಂ ಓದಿದವನು, ನನಗೆ ತಕ್ಷಣ ನೆನಪಾಗಿದ್ದು ಸಿಎ ಆರ್ಟಿಕಲ್‌ಶಿಪ್. ಪುಸ್ತಕ ಓದಿ ಆಡಿಟ್ ಬರಲ್ಲ, ಸೀನಿಯರ್ ಪಕ್ಕ ಕೂತು ಲೆಡ್ಜರ್ ತಿರುವಿದ್ರೇನೇ ಬರೋದು. ರೆಸಿಡೆನ್ಸಿಯಲ್ಲೂ ಹೊಸಬರು ಪೂರ್ತಿ ಒಂದು ಶಾಲಾ ವರ್ಷ, ಅನುಭವಿ ಟೀಚರ್ ಒಬ್ಬರ ಕ್ಲಾಸಿನಲ್ಲೇ ಇರ್ತಾರೆ. ಕೈಯಲ್ಲಿ ಸ್ಟೈಪೆಂಡ್ ಇರುತ್ತೆ. ಆಮೇಲೆ ಕೆಲವು ವರ್ಷ ಅದೇ ಊರಿನ ಶಾಲೆಗಳಲ್ಲಿ ಕಲಿಸಬೇಕು ಅನ್ನೋ ಕರಾರು. ಕಪ್ಪು ಯುವಜನರಿಗೆ ಇಂಥದ್ದೊಂದು ದಾರಿ ಯಾಕೆ ಬೇಕು? ಸಂಬಳ ಇಲ್ಲದೆ ಒಂದು ವರ್ಷ ಟ್ರೈನಿಂಗ್ ಮಾಡೋ ಶಕ್ತಿ ಎಲ್ಲರ ಮನೆಗೂ ಇರಲ್ಲ, ಅದಕ್ಕೆ.

ಈಗ ನಮ್ಮ ಕಡೆ ಬರೋಣ.

ನಿಜಾಮರ ಕಾಲ: ಎರಡು ಗೋಡೆ

1948ರ ಸೆಪ್ಟೆಂಬರ್ 17ರ ತನಕ ಈ ಮೂರೂ ತಾಲ್ಲೂಕುಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಮನೆಯಲ್ಲಿ ಕನ್ನಡ. ಆಳಂದದ ಗಡಿ ಹಳ್ಳಿಗಳಲ್ಲಿ ಮರಾಠಿ. ತಾಂಡಾಗಳಲ್ಲಿ ಲಂಬಾಣಿ. ಸರ್ಕಾರದ ಭಾಷೆ ಮಾತ್ರ ಉರ್ದು. ಕೆಳಗಿನ ತರಗತಿಗಳಲ್ಲಿ ಕನ್ನಡ ಇದ್ರೂ, ಮೇಲೆ ಹೋದಂಗೆಲ್ಲಾ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆಯೂ ಉರ್ದುವೇ. ಭಾರತೀಯ ಭಾಷೆಯೊಂದರಲ್ಲಿ ಇಡೀ ವಿಶ್ವವಿದ್ಯಾಲಯ ನಡೆಸಿದ್ದು ದೊಡ್ಡ ಸಾಧನೆ, ಒಪ್ಪೋಣ. ಆದರೆ ಅಫಜಲಪುರದ ರೈತನ ಮಗನಿಗೆ ಅದೊಂದು ಗೋಡೆ. ಉರ್ದು ದಾಟದೆ ಮೇಲಿನ ಓದು ಇಲ್ಲ, ಓದಿಲ್ಲದೆ ಮಾಸ್ತರ ಕೆಲಸ ಇಲ್ಲ.

ಕೆಲವರು ತಮ್ಮ ದಾರಿ ತಾವೇ ಮಾಡ್ಕೊಂಡರು. ಕಲಬುರಗಿಯಲ್ಲಿ 1907ರಲ್ಲೇ ನೂತನ ವಿದ್ಯಾಲಯ ಶುರುವಾಯ್ತು. ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪ ಅವರು 1934ರಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾದೇವಿ ಕನ್ಯಾ ಪಾಠಶಾಲೆ ತೆರೆದರು.

ದಲಿತ ಮಕ್ಕಳಿಗೆ ಇನ್ನೊಂದು ಗೋಡೆ ಇತ್ತು. ಭಾಷೆಯ ಗೋಡೆಗಿಂತ ಎತ್ತರದ್ದು, ಜಾತಿಯದ್ದು. ಹೈದರಾಬಾದ್ ನಗರದಲ್ಲಿ ಆದಿ ಹಿಂದೂ ಚಳವಳಿಯ ಭಾಗ್ಯರೆಡ್ಡಿ ವರ್ಮಾ ಅವರು 1910ರಿಂದ ದಲಿತ ಮಕ್ಕಳಿಗೆ ಶಾಲೆ ತೆರೀತಾ ಹೋದರು. ಸಂಸ್ಥಾನದ ಕೊನೆಯ ವರ್ಷಗಳಲ್ಲಿ ಪರಿಶಿಷ್ಟ ಜಾತಿಗಳ ಏಳಿಗೆಗೆ ಅಂತ ಒಂದು ಕೋಟಿ ರೂಪಾಯಿಯ ನಿಧಿಯೂ ಆಯ್ತು. 1950ರಲ್ಲಿ ಡಾ. ಅಂಬೇಡ್ಕರ್ ತಮ್ಮ ಪೀಪಲ್ಸ್ ಎಜುಕೇಶನ್ ಸೊಸೈಟಿಯ ಕಾಲೇಜನ್ನ ಔರಂಗಾಬಾದಿನಲ್ಲಿ ಶುರು ಮಾಡಿದರು. ಆಗ ಔರಂಗಾಬಾದೂ ಕಲಬುರಗಿಯೂ ಒಂದೇ ಹೈದರಾಬಾದ್ ರಾಜ್ಯ. ಅಲ್ಲಿ ಕಾಲೇಜಿನ ಜೊತೆ ಹಾಸ್ಟೆಲ್ ಕೂಡ ಕಟ್ಟಿದರು. ಬಡ ಹುಡುಗನಿಗೆ ಅಡ್ಮಿಷನ್ ಕೊಟ್ಟರೆ ಸಾಲದು, ಉಣ್ಣೋಕೆ, ಮಲಗೋಕೆ ಜಾಗ ಬೇಕು ಅನ್ನೋದು ಅಂಬೇಡ್ಕರ್ ಅವರಿಗೆ ಸ್ವಂತ ಬದುಕಿನಿಂದಲೇ ಗೊತ್ತಿತ್ತು.

ಆದರೂ 1951ರ ಜನಗಣತಿ ಹೊತ್ತಿಗೆ ಇಡೀ ಹೈದರಾಬಾದ್ ರಾಜ್ಯದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಹತ್ತು ಮಂದಿಗಿಂತ ಕಡಿಮೆ. ಮಾಸ್ತರರಾಗುವವರು ಬರಬೇಕಾದದ್ದು ಇಷ್ಟು ಮಂದಿಯೊಳಗಿಂದಲೇ.

ಮಾರ್ಲವಾಯಿ: ಒಂದೇ ಒಂದು ಸಲ

ಅದೇ ಸಂಸ್ಥಾನದ ಇನ್ನೊಂದು ಮೂಲೆಯಲ್ಲಿ ಒಂದು ಪ್ರಯೋಗ ನಡೀತು. ಈ ಸಂಚಿಕೆಯಲ್ಲಿ ನನಗೆ ಅತಿ ಮುಖ್ಯ ಅನಿಸೋ ಭಾಗ ಇದೇ.

ಜಾಗ ಆದಿಲಾಬಾದ್ ಕಾಡು. ಈಗ ತೆಲಂಗಾಣದಲ್ಲಿದೆ. ಅಲ್ಲಿ ಗೊಂಡ ಆದಿವಾಸಿಗಳ ಭೂಮಿ ಕೈ ತಪ್ಪಿ ಹೋಗ್ತಿತ್ತು. ಕೊಮರಂ ಭೀಮ್ ಬಂಡಾಯ ಎದ್ದರು, 1940ರಲ್ಲಿ ಜೋಡೇಘಾಟ್‌ನಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಆಮೇಲೆ ಸರ್ಕಾರಕ್ಕೆ ಎಚ್ಚರ ಆಯ್ತು. ಕ್ರಿಸ್ಟೋಫ್ ಫಾನ್ ಫ್ಯೂರರ್ ಹೈಮನ್‌ಡಾರ್ಫ್ ಅನ್ನೋ ಆಸ್ಟ್ರಿಯಾ ಮೂಲದ ಮಾನವಶಾಸ್ತ್ರಜ್ಞ ಆಗ ಹೈದರಾಬಾದಿನಲ್ಲಿದ್ದರು. ಎರಡನೇ ಮಹಾಯುದ್ಧದ ಕಾಲ, ಶತ್ರು ದೇಶದ ಪ್ರಜೆ ಅಂತ ಬ್ರಿಟಿಷರು ಅವರನ್ನ ಸಂಸ್ಥಾನ ಬಿಟ್ಟು ಹೋಗದಂಗೆ ತಡೆದಿದ್ದರು. ಗೊಂಡರ ಸ್ಥಿತಿ ಅಧ್ಯಯನ ಮಾಡೋ ಕೆಲಸ ಅವರ ಪಾಲಿಗೆ ಬಂತು. ಹೆಂಡತಿ ಬೆಟ್ಟಿ ಜೊತೆ ಮಾರ್ಲವಾಯಿ ಅನ್ನೋ ಹಳ್ಳಿಯಲ್ಲೇ ಮನೆ ಮಾಡಿದರು.

1943ರಲ್ಲಿ ಅಲ್ಲಿ ಗೊಂಡ ಶಿಕ್ಷಣ ಯೋಜನೆ ಶುರುವಾಯ್ತು. ಅದರ ಕ್ರಮ ಗಮನಿಸಿ. ನಾವು ಸಾಮಾನ್ಯವಾಗಿ ಮೊದಲು ಕಟ್ಟಡ ಕಟ್ಟಿ, ಆಮೇಲೆ ಎಲ್ಲಿಂದಲೋ ಮಾಸ್ತರನ್ನ ಹುಡುಕಿ ತರ್ತೀವಿ. ಅಲ್ಲಿ ಮೊದಲು ತೆರೆದದ್ದು ಶಿಕ್ಷಕರ ತರಬೇತಿ ಕೇಂದ್ರ. ಅಕ್ಷರ ಬಲ್ಲ ಗೊಂಡರೇ ಅಪರೂಪ, ಆದ್ದರಿಂದ ಸ್ವಲ್ಪ ಓದು ಬರೋ ಯುವಕರನ್ನ ಕರೆದು ಅಲ್ಲೇ ಇರಿಸ್ಕೊಂಡು ತಯಾರು ಮಾಡಿದರು. ಗೊಂಡಿ ಭಾಷೆಯಲ್ಲಿ, ದೇವನಾಗರಿ ಲಿಪಿಯಲ್ಲಿ ಪಾಠಪುಸ್ತಕ ಬರೆದರು. ತಯಾರಾದ ಮಾಸ್ತರರು ಗೊಂಡ ಹಳ್ಳಿಗಳಿಗೇ ಹೋಗಿ ಶಾಲೆ ನಡೆಸಿದರು. ಮಗು ಮೊದಲ ಅಕ್ಷರ ಕಲಿತದ್ದು ತನ್ನ ಮಾತಿನಲ್ಲಿ, ತನ್ನವರ ಬಾಯಿಂದ. ಅಲ್ಲಿ ಕಲಿತವರಲ್ಲಿ ಕೆಲವರು ಮುಂದೆ ಪಟವಾರಿಕೆಯಂಥ ಸರ್ಕಾರಿ ಕೆಲಸಕ್ಕೂ ಹೋದರು. ರೆಸಿಡೆನ್ಸಿ ಅನ್ನೋ ಹೆಸರೊಂದನ್ನ ಬಿಟ್ಟರೆ ಬೇಕಾದ್ದೆಲ್ಲಾ ಅಲ್ಲಿತ್ತು.

ಮುಂದೇನಾಯ್ತು? ಸಂಸ್ಥಾನ ಹೋಯ್ತು, ಭಾಷಾವಾರು ರಾಜ್ಯ ಬಂತು, ಗೊಂಡಿ ಪಾಠ ಕೈಬಿಟ್ಟು ಹೋಯ್ತು. ಪ್ರಯೋಗ ಸೋತದ್ದಕ್ಕೆ ಅದು ನಿಂತಿದ್ದಲ್ಲ. ಮುಂದುವರಿಸಬೇಕು ಅನ್ನೋರು ಇಲ್ಲದ್ದಕ್ಕೆ ನಿಂತಿತು.

ನಮ್ಮ ಆಳಂದ, ಜೇವರ್ಗಿ ಕಡೆಯ ಎಷ್ಟೋ ತಾಂಡಾಗಳಲ್ಲಿ ಇವತ್ತಿಗೂ ಮಗು ಮನೆಯಲ್ಲಿ ಲಂಬಾಣಿ ಮಾತಾಡಿ ಬಂದು, ಶಾಲೆಯಲ್ಲಿ ಕನ್ನಡದ ಮುಂದೆ ಸುಮ್ನೆ ಕೂರುತ್ತೆ. 1943ರಲ್ಲಿ ಮಾರ್ಲವಾಯಿಗೆ ಅರ್ಥ ಆಗಿದ್ದ ಪಾಠ ಅಲ್ಲಿ ಇನ್ನೂ ಬಾಕಿ ಇದೆ.

ಮುಲ್ಕಿ: ಮಾಸ್ತರ ಕೆಲಸಕ್ಕೆ ಬಿದ್ದ ಗುಂಡು

ಹೈದರಾಬಾದ್ ಸಂಸ್ಥಾನದಲ್ಲಿ 'ಮುಲ್ಕಿ' ಅನ್ನೋ ನಿಯಮ ಇತ್ತು. ಮುಲ್ಕಿ ಅಂದ್ರೆ ಈ ನಾಡಿನವರು. ಇಲ್ಲಿನವರು, ಇಲ್ಲಾ 15 ವರ್ಷ ಇಲ್ಲೇ ನೆಲೆಸಿದವರು, ಸರ್ಕಾರಿ ಕೆಲಸ ಅವರಿಗೆ. 1948ರ ನಂತರ ಆಡಳಿತ ಬದಲಾದಾಗ ಹೊರಗಿನಿಂದ ನೌಕರರು ಬರೋಕೆ ಶುರುವಾಯ್ತು. ಉರ್ದುವಿನಿಂದ ಬೇರೆ ಭಾಷೆಗೆ ಶಾಲೆಗಳು ತಿರುಗ್ತಿದ್ದವು, ಕಲಿಸೋರು ಬೇಕಿತ್ತು, ಸ್ಥಳೀಯರು ಸಾಲ್ತಿರಲಿಲ್ಲ.

1952ರಲ್ಲಿ ವಾರಂಗಲ್‌ನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಕಿಡಿ ಹೊತ್ತಿದ್ದು ಯಾವುದಕ್ಕೆ ಗೊತ್ತಾ? ಶಿಕ್ಷಕರ ನೇಮಕಕ್ಕೆ. ಹೊರಗಿನವರನ್ನ ಮಾಸ್ತರರಾಗಿ ತಂದರು ಅನ್ನೋ ಸಿಟ್ಟು. ಚಳವಳಿ ಹೈದರಾಬಾದಿಗೆ ಹಬ್ಬಿತು. ಸೆಪ್ಟೆಂಬರ್ ಮೊದಲ ವಾರ ಸಿಟಿ ಕಾಲೇಜಿನ ಹತ್ತಿರ ಗೋಲಿಬಾರ್ ಆಗಿ ಜೀವಗಳು ಹೋದವು. ಮಾಸ್ತರ ಕೆಲಸ ಅಂದ್ರೆ ಬರೀ ಸಂಬಳದ ಮಾತಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹಳ್ಳಿಗೆ ಬರೋ ಮೊದಲ ಸರ್ಕಾರಿ ಮನುಷ್ಯ ಮಾಸ್ತರೇ. ಅವರು ನಮ್ಮವರೋ ಅಲ್ವೋ ಅನ್ನೋದರ ಮೇಲೆ ಸರ್ಕಾರ ನಮ್ಮದೋ ಅಲ್ವೋ ಅನ್ನೋದು ತೀರ್ಮಾನ ಆಗುತ್ತೆ.

1956ರ ನವೆಂಬರ್ 1ಕ್ಕೆ ಕಲಬುರಗಿ ಮೈಸೂರು ರಾಜ್ಯ ಸೇರಿತು. ಮುಲ್ಕಿ ಹೋಯ್ತು. ಈಗ ಸ್ಪರ್ಧೆ ಮೈಸೂರು, ಧಾರವಾಡ, ಮಂಗಳೂರಿನ ಮಕ್ಕಳ ಜೊತೆ. ಅಲ್ಲಿ ತಲೆಮಾರುಗಳಿಂದ ಕನ್ನಡ ಶಾಲೆಗಳಿದ್ದವು. ಒಂದೇ ಪರೀಕ್ಷೆ, ಆದರೆ ಓಟ ಶುರುವಾದ ಜಾಗ ಬೇರೆ ಬೇರೆ.

371ಜೆ: ಖುರ್ಚಿ ಸಿಕ್ತು

2002ರಲ್ಲಿ ಪ್ರೊ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಡ್ತು. ರಾಜ್ಯದ 114 ತಾಲ್ಲೂಕುಗಳು ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದವು ಅಂತ ಹೇಳ್ತು. ಆ 39ರಲ್ಲಿ 21 ಕಲಬುರಗಿ ವಿಭಾಗದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿವೆ. ರಾಜ್ಯಕ್ಕೆ ಮುಖ್ಯಮಂತ್ರಿ ಕೊಟ್ಟ ಕ್ಷೇತ್ರ ಜೇವರ್ಗಿ. ಅಲ್ಲಿಂದ ಮತ್ತೆ ಮತ್ತೆ ಗೆದ್ದ ಧರ್ಮಸಿಂಗ್ ಅವರು 2004ರಲ್ಲಿ ಮುಖ್ಯಮಂತ್ರಿ ಆದರು. ಆದರೂ 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಸುಮಾರು 65 ಶೇಕಡ, ಹೆಣ್ಣುಮಕ್ಕಳದ್ದು ಸುಮಾರು 55. ರಾಜ್ಯದ ಸರಾಸರಿ 75ರ ಮೇಲಿತ್ತು.

ವೈಜನಾಥ ಪಾಟೀಲರಂಥವರು ವರ್ಷಾನುಗಟ್ಟಲೆ ಹೋರಾಡಿದರು, ಮಲ್ಲಿಕಾರ್ಜುನ ಖರ್ಗೆಯವರು ದೆಹಲಿಯಲ್ಲಿ ಪಟ್ಟು ಹಿಡಿದರು. ಸಂವಿಧಾನಕ್ಕೆ 98ನೇ ತಿದ್ದುಪಡಿ ಆಗಿ 371ಜೆ ಕಲಂ ಬಂತು. 2013ರಲ್ಲಿ ಜಾರಿ. ಈ ಭಾಗದ ಸರ್ಕಾರಿ ಕೆಲಸಗಳಲ್ಲಿ ಸ್ಥಳೀಯರಿಗೆ ಮೀಸಲು, 'ಸಿ' ಗುಂಪಿನ ಹುದ್ದೆಗಳಲ್ಲಿ 80 ಶೇಕಡ. ಒಂದು ರೀತಿಯಲ್ಲಿ ಮುಲ್ಕಿ ಹೊಸ ಅಂಗಿ ಹಾಕ್ಕೊಂಡು ವಾಪಸ್ ಬಂತು, ಈ ಸಲ ಸಂವಿಧಾನದ ಬಲದಿಂದ.

ಇದು ದೊಡ್ಡ ಗೆಲುವು, ಎರಡು ಮಾತಿಲ್ಲ. ಆದರೆ 2022ರ ನೇಮಕಾತಿ ನೆನಪಿದೆಯಾ? ಆರರಿಂದ ಎಂಟನೇ ತರಗತಿಗೆ 15,000 ಪದವೀಧರ ಶಿಕ್ಷಕರ ಹುದ್ದೆ, ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ. ತಾತ್ಕಾಲಿಕ ಆಯ್ಕೆ ಪಟ್ಟಿ ಬಂದಾಗ ರಾಜ್ಯದಲ್ಲಿ ಹೆಸರು ಬಂದದ್ದು 13 ಸಾವಿರ ಚಿಲ್ಲರೆ ಮಂದಿಗೆ. ನಮ್ಮ ಭಾಗದ 5,000ವೂ ಪೂರ್ತಿ ತುಂಬಲಿಲ್ಲ. ಕೆಲಸ ಇಲ್ಲ ಅಂತ ಲಕ್ಷಾಂತರ ಮಂದಿ ಅಲೀತಿರೋ ರಾಜ್ಯದಲ್ಲಿ ಖುರ್ಚಿಗಳು ಖಾಲಿ ಉಳಿದವು.

ಖುರ್ಚಿ ತನಕದ ದಾರಿ

ಕಾಮರ್ಸ್ ಭಾಷೆಯಲ್ಲಿ ಹೇಳ್ತೀನಿ. ಬಜೆಟ್‌ನಲ್ಲಿ ಹಣ ಇಟ್ಟ ಮಾತ್ರಕ್ಕೆ ಅದು ಖರ್ಚಾದಂಗಲ್ಲ. ಮೀಸಲಾತಿ ಬಜೆಟ್ ಇದ್ದಂಗೆ. ಅದು ಬೇಕೇ ಬೇಕು, ಅದಿಲ್ಲದೆ ಬಾಗಿಲೇ ತೆರೆಯಲ್ಲ. ಬಾಗಿಲ ತನಕ ನಡೆಯೋಕೆ ದಾರಿ ಬೇರೆ ಬೇಕು.

ಅಫಜಲಪುರದ ಭೀಮಾ ದಂಡೆಯ ಒಂದು ಹಳ್ಳಿಯ ಹುಡುಗಿಯನ್ನ ಕಲ್ಪಿಸ್ಕೊಳ್ಳಿ. ಅವಳ ಮನೆಯಲ್ಲಿ ಓದಿದ ಮೊದಲ ಹೆಣ್ಣುಮಗಳು ಅವಳೇ. ಡಿಗ್ರಿ ಮುಗಿಸಿ ಬಿ.ಇಡಿ ಸೇರ್ತಾಳೆ. 2015ರಿಂದ ಬಿ.ಇಡಿ ಎರಡು ವರ್ಷ, ಅದರಲ್ಲಿ 20 ವಾರ ಶಾಲೆಯಲ್ಲಿ ಇಂಟರ್ನ್‌ಶಿಪ್. ನಿಯಮ ಚೆನ್ನಾಗೇ ಇದೆ. ಆ 20 ವಾರಕ್ಕೆ ಸ್ಟೈಪೆಂಡ್ ಇಲ್ಲ, ಬಸ್ ಚಾರ್ಜ್ ಅವಳದ್ದೇ. ಹೋದ ಶಾಲೆಯಲ್ಲಿ ಪಕ್ಕ ಕೂತು ಕಲಿಸೋ ಹಿರಿಯ ಟೀಚರ್ ಸಿಗ್ತಾರೋ ಇಲ್ವೋ, ಅದು ನಸೀಬು. ಆಮೇಲೆ ಟಿಇಟಿ, ಆಮೇಲೆ ಸಿಇಟಿ, ನಡುವೆ ಕೋಚಿಂಗ್ ಫೀಸು. ನೇಮಕಾತಿ ಯಾವಾಗ ಬರುತ್ತೋ ಗೊತ್ತಿಲ್ಲ. ಅಲ್ಲೀ ತನಕ ಅತಿಥಿ ಶಿಕ್ಷಕಿ, ಹತ್ತು-ಹನ್ನೆರಡು ಸಾವಿರದ ಗೌರವಧನ, ಬೇಸಿಗೆ ರಜೆ ಬಂದ್ರೆ ಅದೂ ಇಲ್ಲ. ಮನೆಯಲ್ಲಿ ಮದುವೆ ಮಾತು. ಅವಳು ಈ ದಾರಿ ಬಿಟ್ಟುಬಿಟ್ರೆ ತಪ್ಪು ಅವಳದ್ದು ಅನ್ನೋಕಾಗುತ್ತಾ?

ಬೇಕಾದ ಸಾಮಾನು ಈ ಜಿಲ್ಲೆಯಲ್ಲೇ ಇದೆ. ಕಮಲಾಪುರದಲ್ಲಿ ಡಯಟ್ ಇದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ 2009ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಪ್ರದೇಶಕ್ಕೇ ಅಂತ ಅಭಿವೃದ್ಧಿ ಮಂಡಳಿ, ಅದರ ಹಣ ಇದೆ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಿವೆ. ಮೂವತ್ತು ವರ್ಷ ಹಳ್ಳಿ ಸಾಲಿಯಲ್ಲಿ ಸವೆದ, ಮಕ್ಕಳನ್ನ ಬಲ್ಲ ಹಿರಿಯ ಮಾಸ್ತರರು ಇದ್ದಾರೆ. ಕೇರಿಯಿಂದ, ತಾಂಡಾದಿಂದ ಬಂದ ಒಬ್ಬ ಹೊಸಬರನ್ನ ಇಂಥ ಒಬ್ಬ ಹಿರಿಯರ ಕ್ಲಾಸಿನಲ್ಲಿ ಒಂದು ವರ್ಷ, ಕೈಯಲ್ಲಿ ಸ್ಟೈಪೆಂಡ್ ಕೊಟ್ಟು, ಇರೋಕೆ ಜಾಗ ಕೊಟ್ಟು ಕೂರಿಸೋದು. ಇಷ್ಟೇ ಕೆಲಸ. ಎಂಬತ್ತು ವರ್ಷದ ಹಿಂದೆ, ಯುದ್ಧಕಾಲದಲ್ಲಿ, ಕಾಡಿನ ಹಳ್ಳಿಯೊಂದರಲ್ಲಿ ಇದಕ್ಕಿಂತ ಕಡಿಮೆ ಸಾಮಾನಿನಲ್ಲಿ ಮಾಡಿ ತೋರಿಸಿದ್ದಾರೆ.

ನೂರು ವರ್ಷ ಈ ಭಾಗದ ಜನ ಖುರ್ಚಿಗಾಗಿ ಹೋರಾಡಿದರು, ಖುರ್ಚಿ ಸಿಕ್ಕಿದೆ. ಇನ್ನು ಅಲ್ಲಿ ಕೂರೋರ ಬೆನ್ನಿಗೆ ನಿಲ್ಲೋ ಸರದಿ.

ಟಿಇಟಿ ಪುಸ್ತಕ ಪಕ್ಕಕ್ಕಿಟ್ಟು ಕೇಳ್ತಿದ್ರಲ್ಲ, ಬ್ರೇಕ್ ಮುಗೀತು. ಪುಸ್ತಕ ತೆಗೀರಿ. ನಿಮ್ಮ ಊರಿನ ಮೊದಲ ಟೀಚರ್ ಎಲ್ಲಿಂದ ಬಂದಿದ್ದರು, ಹೆಂಗೆ ಕಲಿತಿದ್ದರು ಅಂತ ಮನೆಯ ಹಿರಿಯರನ್ನ ಕೇಳಿ, ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ್ರೀ.